ಸೂಜಿಯ ಹೇಳಿಕೆ

ಲಗಮಣ್ಣ ಪೂಜಾರಿ ಮೊದಲ ಸಲ ಹೊಟ್ಟೆಯೊಳಗೆ ಕ್ಯಾಮೆರಾ ಬಿಡಿಸಿಕೊಳ್ಳಲು ಹೋದಾಗ ಗಂಟಲು ಮರಗಟ್ಟಲೆಂದು ಬರೀ ಸ್ಪ್ರೇ ಹೊಡೆದಿದ್ದರು. ಟಗರಿನ ಕೊಂಬು ಹಿಡಿದು ನೆಲಕ್ಕೆ ಕೆಡವುವ ಆಸಾಮಿ, ಈ ಬೆರಳು ದಪ್ಪದ ನಳಿಗೆ ತನಗೇನು ಮಾಡೀತು ಎಂದುಕೊಂಡಿದ್ದ. ಅದು ನಾಲಿಗೆಯ ಬುಡ ಮುಟ್ಟಿದ್ದೇ ತಡ, ಓಕರಿಸಿ, ಡಾಕ್ಟರ ಕೈ ಝಾಡಿಸಿ, ಹಲ್ಲಿನ ನಡುವೆ ಇಟ್ಟಿದ್ದ ಪ್ಲಾಸ್ಟಿಕ್ ಬಳೆಯನ್ನು ಉಗುಳಿ, ಬರಿಗಾಲಲ್ಲೇ ಹೊರಗೆ ಬಂದುಬಿಟ್ಟ. ಕಾರಿಡಾರಿನಲ್ಲಿ ಸರದಿಗೆ ಕೂತಿದ್ದ ಒಬ್ಬಾತ ಅವನ ಮುಖ ನೋಡಿ ತಾನೂ ಎದ್ದು ಮನೆಗೆ ಹೋದ.

ಆದರೆ ಹೊಟ್ಟೆ ಕೇಳಬೇಕಲ್ಲ. ಉಂಡ ರೊಟ್ಟಿ ಎದೆಯಲ್ಲೇ ನಿಂತಂತಾಗುತ್ತಿತ್ತು, ಮೊಣಕಾಲ ನೋವಿನ ಗುಳಿಗೆ ನುಂಗಿ ಮಲಗಿದರೆ ನಸುಕಿಗೆ ಉರಿ ಏಳುತ್ತಿತ್ತು, ಸೊಂಟದ ಉಡದಾರ ಸಡಿಲಾಗುತ್ತಿತ್ತು. ಊರಲ್ಲಿ ಆಗಲೇ ಮೂರು ರೋಗಗಳ ಹೆಸರು ಓಡಾಡುತ್ತಿದ್ದವು, ಮೂರೂ ಕೆಟ್ಟವು. ಜಮಖಂಡಿಯ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದ ಮಗಳು ಅನುರಾಧಾ ಅಲ್ಲಿನ ಆಸ್ಪತ್ರೆಯಲ್ಲಿ ಮತ್ತೆ ಹೆಸರು ಹಚ್ಚಿಸಿ ಫೋನು ಮಾಡಿದಳು.

"ಈ ಸಲ ಸೂಜಿ ಮಾಡಿಸ್ಕೊ ಅಪ್ಪಾ. ಅರೆನಿದ್ದಿ ಬರತೈತಿ. ಏನೂ ಗೊತ್ತಾಗಂಗಿಲ್ಲ, ಆಮ್ಯಾಲ ಏನೂ ನೆನಪೂ ಇರಂಗಿಲ್ಲ."

ನೆನಪಿರದ ಸಂಗತಿಗೆ ಲಗಮಣ್ಣ ಹೆದರುವವನಲ್ಲ. ಅವನ ಕಸುಬೇ ಅದು. ಬಾಡಗಂಡಿಯ ಹತ್ತಿರದ ಅವರ ಊರಲ್ಲಿ ಬೀರಪ್ಪನ ಗುಡಿಯ ಪೂಜೆ ಅವನದು. ಅಮಾವಾಸ್ಯೆಗೆ ಡೊಳ್ಳು ಏರಿದಂತೆ ದೇವರು ಮೈಮೇಲೆ ಬರುತ್ತಿತ್ತು. ಎದುರು ಕೂತವರು ಕೇಳುತ್ತಿದ್ದರು, ಅವನ ಬಾಯಿಂದ ಹೇಳಿಕೆ ಹೊರಡುತ್ತಿತ್ತು. ಏನು ಹೇಳಿದೆ ಎನ್ನುವುದು ಅವನಿಗೆ ಗೊತ್ತಾಗುತ್ತಿದ್ದುದು ಆಮೇಲೆ, ನೀರು ಕುಡಿದು ಸುಧಾರಿಸಿಕೊಂಡು, ಬೇರೆಯವರ ಬಾಯಿಂದ. ಹೇಳಿಕೆ ಒಮ್ಮೆ ಆಯಿತೆಂದರೆ ಆಯಿತು. ತಿದ್ದುವ ಅಧಿಕಾರ ಊರಿಗೂ ಇಲ್ಲ, ಪೂಜಾರಿಗೆ ಮೊದಲೇ ಇಲ್ಲ. ಒಂದು ಅಮಾವಾಸ್ಯೆಗೆ ಅವನು ಕಣ್ಣು ಬಿಟ್ಟು ನೋಡುವಷ್ಟರಲ್ಲಿ ಅವನ ಹಟ್ಟಿಯ ಅತಿ ಒಳ್ಳೆಯ ಟಗರು ಗುಡಿಯ ಗೂಟಕ್ಕೆ ಕಟ್ಟಿತ್ತು. "ನೀನ ಕೊಡ್ತೇನಿ ಅಂದಿ" ಎಂದರು. ಅಂದಿದ್ದರೆ ಅಂದಿದ್ದು. ಎರಡು ದಿನ ಹೆಂಡತಿ ಸತ್ಯವ್ವ ಮಾತು ಬಿಟ್ಟಳು, ಅಷ್ಟೆ.

ಹೀಗಿದ್ದುದರಿಂದ ಅವನಿಗೊಂದು ಅನುಕೂಲವೂ ಆಗಿತ್ತು. ಮನೆಯಲ್ಲಿ ಯಾವ ತಕರಾರು ಬಂದರೂ "ದೇವರ್ನ ಕೇಳೂಣು" ಎಂದು ಕಂಬಳಿ ಹೊದ್ದುಕೊಂಡುಬಿಡುತ್ತಿದ್ದ. ಮದುವೆಯಾದಾಗಿನಿಂದ ಅವನ ಸ್ವಂತದ ಅಭಿಪ್ರಾಯ ಒಂದನ್ನೂ ತಾನು ಕೇಳಿಲ್ಲವೆಂದು ಸತ್ಯವ್ವ ಮಂದಿಯ ಮುಂದೆ ಹೇಳುತ್ತಿದ್ದಳು.

ಈಗ ಮನೆಯಲ್ಲಿದ್ದ ತಕರಾರು ಅನುರಾಧಾಳದು. ಸತ್ಯವ್ವನ ತಮ್ಮ ಮಾಳು ಬನಹಟ್ಟಿಯಲ್ಲಿ ಪವರ್‌ಲೂಮ್ ಇಟ್ಟುಕೊಂಡವನು. ಅವನ ಮಗ ಅಮೋಲ. ಅಕ್ಕನ ಮಗಳನ್ನು ಸೊಸೆಯಾಗಿ ತಂದುಕೊಳ್ಳುವುದು ತನ್ನ ಹಕ್ಕು ಎಂದು ಮಾಳು ಹುಡುಗಿ ತೊಟ್ಟಿಲಲ್ಲಿದ್ದಾಗಿನಿಂದ ಹೇಳಿಕೊಂಡು ಬಂದಿದ್ದ. ಹೋದ ತಿಂಗಳು ಹಾಸ್ಟೆಲಿನ ಗೇಟಿನ ಹತ್ತಿರ ಅನುರಾಧಾ ಅಪ್ಪನಿಗೆ ಸರಳವಾಗಿ ಹೇಳಿದ್ದಳು:

"ಅಮೋಲ ಕೆಟ್ಟಾಂವ ಅಲ್ಲ. ಆದ್ರ ನನಗ ಬ್ಯಾಡ. ನಾ ಎಂ.ಎಸ್ಸಿ. ಮಾಡ್ತೇನಿ. ಮಾಮಾಗ ಇದನ್ನ ನೀನ ಹೇಳಬೇಕು."

"ನೋಡೂಣು ತಡಿ ಬೇ, ದೇವರ್ನ ಕೇಳಿ..."

"ಅಪ್ಪಾ, ನಾ ನಿನ್ನ ಕೇಳಾಕತ್ತೇನಿ. ದೇವರ್ನ ಅಲ್ಲ."

ಅವನು ಬಸ್ಸು ಬಂತೆಂದು ಹತ್ತಿಬಿಟ್ಟಿದ್ದ. ಮಾಳುವಿಗೆ ಹೇಳಿದರೆ ಹೆಂಡತಿಯ ತವರಿನ ಬಾಗಿಲು ಮುಚ್ಚುತ್ತದೆ, ಹೇಳದಿದ್ದರೆ ಮಗಳ ಓದು ಮುಚ್ಚುತ್ತದೆ.

ಇನ್ನು ಸೂಜಿಯ ದಿನ ಜೊತೆಗೊಬ್ಬರು ಇರಲೇಬೇಕು, ಇಲ್ಲದಿದ್ದರೆ ಸೂಜಿಯೇ ಇಲ್ಲ ಎಂದು ಆಸ್ಪತ್ರೆಯವರು ಕಡ್ಡಿ ಮುರಿದಂತೆ ಹೇಳಿದ್ದರು. ಅನುರಾಧಾಗೆ ಅವತ್ತೇ ಪ್ರಾಕ್ಟಿಕಲ್ ಪರೀಕ್ಷೆ. ಸತ್ಯವ್ವ ಬಸ್ಸು ಹತ್ತಿದರೆ ವಾಂತಿ ಮಾಡುವವಳು, ರೋಗಿ ಯಾರು ಎನ್ನುವುದೇ ತಿಳಿಯದಂತಾಗುತ್ತದೆ. ಅವಳು ತಮ್ಮನಿಗೆ ಫೋನು ಹಚ್ಚಿದಳು. ಮಾಳು ಇಸ್ತ್ರಿ ಅಂಗಿ ಹಾಕಿಕೊಂಡು, ಬನಹಟ್ಟಿಯಿಂದ ಬೈಕಿನಲ್ಲಿ ಜಮಖಂಡಿಗೆ ಬಂದು ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ.

"ಬಾ ಮಾವಾ. ಹ್ವಾದ ಸಲ ಓಡಿಹೋದಿ ಅಂತಲ್ಲ. ಇವತ್ತ ಬಾಗಲಾ ನಾ ಹಿಡಕೊಂಡ ನಿಂದರ್ತೇನಿ."

"ಓಡಿ ಹೋಗಿಲ್ಲಲೇ. ನಡಕೋತ ಹೋಗೇನಿ."

ಒಳಗೆ ವೈಶಾಲಿ ಎಂಬ ನರ್ಸ್ ಫೈಲು ಹಿಡಿದು ಪ್ರಶ್ನೆ ಕೇಳತೊಡಗಿದಳು. ಅವಳೂ ಬನಹಟ್ಟಿಯವಳೇ. ಮಾತು ಚುರುಕು, ಕೈ ಅದಕ್ಕಿಂತ ಚುರುಕು.

"ರಾತ್ರಿಯಿಂದ ಏನರೆ ತಿಂದೀರೇನ್ರಿ ಕಾಕಾ?"

"ಇಲ್ಲವಾ."

"ಚಹಾ?"

"ಚಹಾ ತಿನ್ನೂದಾ ಅದು?"

"ಕುಡದೀರೋ ಇಲ್ಲೋ ಹೇಳ್ರಿ. ಹೊಟ್ಯಾಗ ಏನರೆ ಇದ್ರ ನಿದ್ದ್ಯಾಗ ಮ್ಯಾಲ ಬಂದು ಪುಪ್ಪುಸಕ್ಕ ಹೊಕ್ಕತೈತಿ."

"ಇಲ್ಲ, ನೀರೂ ಇಲ್ಲ. ಬೀರಪ್ಪನಾಣಿ."

"ಸೆರೆ ಗಿರೆ? ಖರೆ ಹೇಳ್ರಿ. ಕುಡಿಯೋರಿಗೆ ಈ ಸೂಜಿ ಲಗೂನ ಹತ್ತೂದಿಲ್ಲ."

"ಹಬ್ಬಕ್ಕಷ್ಟ."

"ನಿಮ್ಮ ಕಡೆ ತಿಂಗಳಿಗಿ ಎಷ್ಟ ಹಬ್ಬ ಬರತಾವ್ರಿ?"

ಮಾಳು ಗೊಳ್ಳೆಂದು ನಕ್ಕ. ಲಗಮಣ್ಣ ಸೊಂಟದಿಂದ ಭಂಡಾರದ ಸಣ್ಣ ಚೀಲ ತೆಗೆದ. ಯಾವ ಕೆಲಸಕ್ಕೆ ಹೊರಟರೂ ಆ ಅರಿಶಿಣವನ್ನು ಹಣೆಗೆ ಹಚ್ಚಿಕೊಂಡು ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಳ್ಳುವುದು ಅವರ ಮನೆತನದ ಪದ್ಧತಿ. ವೈಶಾಲಿ ಅವನ ಮಣಿಕಟ್ಟು ಹಿಡಿದಳು.

"ಹಣಿಗಿ ಹಚ್ಕೊಳ್ರಿ. ಬಾಯಾಗ ಬ್ಯಾಡ. ಒಳಗ ಕ್ಯಾಮೆರಾಕ್ಕ ಬರೇ ಹಳದಿ ಕಂಡ್ರ ಡಾಕ್ಟರ್ ಕಾಮಾಲಿ ಅಂತ ಬರದಾರು."

ಚೀಲ ಮಾಳುವಿನ ಕಿಸೆಗೆ ಹೋಯಿತು. ಅವನು ಕುತೂಹಲದಿಂದ ಕೇಳಿದ: "ಸಿಸ್ಟರ್, ಈ ಸೂಜಿ ಕೊಟ್ಟಾಗ ಮಂದಿ ಮಾತಾಡ್ತಾರೇನ್ರಿ?"

"ಮಾತಾಡ್ತಾರ್ರಿ. ನಮ್ಮೂರಾಂವ ಒಬ್ಬಾಂವ ಎದ್ದ ಮ್ಯಾಲ ಮಗ್ಗ ಬಂದ್ ಮಾಡ್ರಿ, ನೂಲ ಹರೀತು ಅಂತ ಒದರಾಕತ್ತಿದ್ದ. ಅದನ್ನ ಯಾರೂ ಹಿಡಕೊಂಡ ಕುಂಡ್ರಬಾರದು. ಕೇಳ್ರಿಲ್ಲೆ. ಇವತ್ತ ಇವರು ಗಾಡಿ ಹೊಡಿಯಂಗಿಲ್ಲ, ನಿಮ್ಮ ಬೈಕಿನ ಹಿಂದೂ ಕುಂಡ್ರಂಗಿಲ್ಲ. ಎಲ್ಲೂ ಸಹಿ ಮಾಡಂಗಿಲ್ಲ, ಕೊಡೂದು ತಗೊಳ್ಳೂದು ಏನೂ ಠರಾವ್ ಮಾಡಂಗಿಲ್ಲ. ನಾಳೆ ಈ ಹೊತ್ತಿನ ತನಕ ಇವರ ಮಾತಿಗಿ ಲೆಕ್ಕ ಇಲ್ಲ. ಅಲ್ಲಿ ತನಕ ನೀವು ಇವರನ್ನ ಬಿಟ್ಟ ಹೋಗಂಗಿಲ್ಲ. ಒಪ್ಪಿಗಿ ಇದ್ರ ಇಲ್ಲೆ ಸಹಿ ಮಾಡ್ರಿ."

ಮಾಳು ಸಹಿ ಮಾಡಿದ.

ಎಂಡೋಸ್ಕೋಪಿ ಕೋಣೆಯಲ್ಲಿ ಲಗಮಣ್ಣನಿಗೆ ಬಿಳಿ ನಿಲುವಂಗಿ ತೊಡಿಸಿ ಎಡಮಗ್ಗುಲಾಗಿ ಮಲಗಿಸಿದರು. ಬೆರಳಿಗೆ ಚಿಮಟ, ತೋಳಿಗೆ ಪಟ್ಟಿ, ಮೂಗಿಗೆ ಆಕ್ಸಿಜನ್ನಿನ ಸಣ್ಣ ಕೊಳವೆ. ತಲೆಯ ಹತ್ತಿರದ ಯಂತ್ರ ಅವನ ಎದೆಬಡಿತವನ್ನು ಟಿಕ್ ಟಿಕ್ ಎಂದು ಊರಿಗೆಲ್ಲ ಸಾರತೊಡಗಿತು. ನಳಿಗೆ ಹಿಡಿಯುವ ಡಾಕ್ಟರ್ ಶಿವಯೋಗಿ, ಹೋದ ಸಲ ಕೈಗೆ ಏಟು ತಿಂದವರು, ಎರಡು ಹೆಜ್ಜೆ ದೂರವೇ ನಿಂತಿದ್ದರು. ಅರಿವಳಿಕೆಯ ಡಾಕ್ಟರ್ ಗಂಗಾಂಬಿಕಾ ಮುಂಗೈಯ ಸೂಜಿಗೆ ಸಿರಿಂಜು ಜೋಡಿಸಿದರು.

"ಪೂರ್ತಿ ಮಲಗಸಂಗಿಲ್ರಿ. ಕರದ್ರ ಓ ಅನ್ನೂವಷ್ಟ ಮಂಪರ. ಕುರಿ ಅದಾವಂತಲ್ಲ ನಿಮ್ಮವು. ಯಾವ ಜಾತಿಯವು?"

ಲಗಮಣ್ಣನಿಗೆ ಹುಮ್ಮಸ್ಸು ಬಂತು. ಕುರಿಯ ಬಗ್ಗೆ ಡಾಕ್ಟರು ಕೇಳಿದ್ದು ಇದೇ ಮೊದಲು. "ಕರೇವು ಅದಾವ್ರಿ, ಮೂಗಿನ ಮ್ಯಾಲ ಬಿಳಿ ಬೊಟ್ಟ ಇದ್ದಾವೂ ಅದಾವು. ಅದರಾಗ ಒಂದೈತಿ ನೋಡ್ರಿ, ಕಿವಿ ಮುರದದ್ದು, ಅದು ಮನಷ್ಯಾರಕಿಂತ..."

ಮನುಷ್ಯರಿಗಿಂತ ಏನು ಎಂದು ಹೇಳಲು ಬಾಯಿ ತೆರೆದ. ಎದುರಿಗೆ ಡಾಕ್ಟರು ಇರಲಿಲ್ಲ. ಹಸಿರು ಪರದೆ ಇತ್ತು.

"ಶುರು ಮಾಡ್ರಿ ಮತ್ತ" ಎಂದ.

"ಮುಗದ ಹೋತ್ರಿ ಕಾಕಾ" ಎಂದಳು ವೈಶಾಲಿ. ಅವಳ ದನಿಯಲ್ಲಿ ಸಿಟ್ಟಿತ್ತು. ಸಿಟ್ಟು ಅವನ ಮೇಲಲ್ಲ, ಮಾಳುವಿನ ಮೇಲೆ. ಮಾಳು ಮಂಚದ ಕಾಲುಗಂಬಿಯ ಹತ್ತಿರ ಚಪ್ಪಲಿ ಬಿಟ್ಟು, ಕೈ ಮುಗಿದು ನಿಂತಿದ್ದ. ಹಾಸಿಗೆ ಹಳದಿ. ದಿಂಬು ಹಳದಿ. ಬೆರಳಿನ ಚಿಮಟವೂ ಹಳದಿ.

"ಆಸ್ಪತ್ರ್ಯಾಗ ಯಾರರೆ ಭಂಡಾರ ಹಾರಸ್ತಾರೇನ್ರಿ? ಬಾಜೂಕಿನ ಅಜ್ಜಗ ಸೀನ ನಿಂದರವಲ್ತು. ನಡೀರಿ ಹೊರಗ!"

ಲಗಮಣ್ಣನಿಗೆ ಮಾತ್ರ ಅಪಾರ ಸುಖವಾಗಿತ್ತು. ಹತ್ತು ವರ್ಷದ ನಿದ್ದೆಯನ್ನು ಒಂದೇ ಸಲ ಮುಗಿಸಿ ಎದ್ದ ಹಾಗೆ. ಯಾರ ಮೇಲೂ ದೂರಿಲ್ಲ. ಡಾಕ್ಟರ್ ಶಿವಯೋಗಿ ಬಂದು ಏನೋ ಹೇಳಿದರು, ಅವನು ನಕ್ಕ, ಅವರು ಹೋದರು. ಏನು ಹೇಳಿದರೆಂಬುದು ಅವರು ಪರದೆ ದಾಟುವಷ್ಟರಲ್ಲಿ ಮರೆತಿತ್ತು. ಸ್ಪ್ರೇಗೆ ಮರಗಟ್ಟಿದ್ದ ಗಂಟಲು ಬಿಟ್ಟ ಮೇಲೆ ಎರಡು ಗುಟುಕು ನೀರು ಕುಡಿಸಿ, ನಡೆಸಿ ನೋಡಿ, ಬಿಟ್ಟುಕೊಟ್ಟರು.

ಹೊರಗೆ ಬಂದ ಮೇಲೆ ಅವನಿಗೆ ಸಂಶಯ ಶುರುವಾಯಿತು. ಮಾಳು ಅವನ ಚಪ್ಪಲಿಯನ್ನು ತಾನೇ ತಂದು ಕಾಲ ಹತ್ತಿರ ಇಟ್ಟ. ಬೈಕನ್ನು ಅಲ್ಲೇ ಬಿಟ್ಟು ಆಟೋ ಕರೆದ. "ಹುಷಾರ್ರಿ" ಎಂದ. "ತಲಿ ಬಗ್ಗಿಸ್ರಿ" ಎಂದ. ಹುಟ್ಟಿದಾಗಿನಿಂದ ಏಕವಚನ ಬಿಟ್ಟು ಮಾತಾಡದ ಮನುಷ್ಯ 'ರೀ' ಹಚ್ಚತೊಡಗಿದರೆ ಒಂದೋ ಕುತ್ತಿಗೆ ಕೊಯ್ಯುತ್ತಾನೆ, ಇಲ್ಲ ಕಾಲಿಗೆ ಬೀಳುತ್ತಾನೆ.

ಬಸ್ ನಿಲ್ದಾಣದ ಕ್ಯಾಂಟೀನಿನಲ್ಲಿ ಮಾಳು ಚಹಾ ತರಿಸಿ, ತಟ್ಟೆಗೆ ಹಾಕಿ, ಊದಿ ಆರಿಸಿ ಮುಂದಿಟ್ಟ.

"ಏನಾಗೇತಲೇ ಮಾಳ್ಯಾ ನಿನಗ? ನಾ ಒಳಗ ಏನರೆ ಅಂದ್ನ್ಯಾ?"

ಮಾಳು ಅತ್ತಿತ್ತ ನೋಡಿ ದನಿ ಇಳಿಸಿದ. "ದೇವರ ಬಂದಿತ್ತು."

"ಎಲ್ಲಿ?"

"ನಿಮ್ಮ ಮೈಯಾಗ್ರಿ. ಮಂಚದ ಮ್ಯಾಲ. ತಲಿ ಹಿಂಗ ಹಿಂಗ ತೂಗಾಕತ್ತಿತ್ತು. ಕಣ್ಣ ಅರ್ಧ ತೆರದ ಬರೇ ಬೆಳ್ಳಗ. ಬಾಯಾಗ ಗುರು ಗುರು ಮಾತು. ನಾ ಸಣ್ಣಾಂವ ಇದ್ದಾಗಿಂದ ನೋಡೀನಿ, ನನಗ ತಿಳಿಯಂಗಿಲ್ಲೇನು?"

"ಲೇ, ಅದು ಸೂಜಿ."

"ಅಲ್ರಿ, ಲೆಕ್ಕ ಹಾಕ್ರಿ ನೀವ. ರಾತ್ರಿಯಿಂದ ಉಪಾಸ. ಬರಿಗಾಲು. ಬಿಳಿ ಬಟ್ಟಿ. ಹಣ್ಯಾಗ ಭಂಡಾರ. ಹೇಳಿಕಿಗಿ ಇನ್ನ ಏನ ಬೇಕು?"

"ಡೊಳ್ಳು?"

"ಆ ಮಷೀನ ಹೊಡೀತಿತ್ತಲ್ಲ, ಟಿಕ್ ಟಿಕ್ ಅಂತ. ತಾಳ ಎಲ್ಲೂ ತಪ್ಪಲಿಲ್ಲ."

ಲಗಮಣ್ಣ ತಟ್ಟೆ ಕೆಳಗಿಟ್ಟ. "ಏನ ಕೇಳ್ದಿ?"

"ಮತ್ತೇನ ಕೇಳ್ಲಿ? ಭಂಡಾರ ಹಾರಸಿ, ಅನುನ್ನ ಅಮೋಲಗ ಕೊಡಾಕ ಅಪ್ಪಣಿ ಐತೇನಪ್ಪಾ ಅಂದೆ."

"ಏನಂತು?"

"ಆತು ಅಂತು. ಎರಡ ಸಲ. ಆತು, ಆತು."

ಮುಧೋಳದ ಬಸ್ಸೊಂದು ಹಿಂದಕ್ಕೆ ಸರಿದು ಕ್ಯಾಂಟೀನಿಗೆಲ್ಲ ಹೊಗೆ ಬಿಟ್ಟು ಹೋಯಿತು. ಅಂದಿದ್ದರೆ ಅಂದಿದ್ದು: ಇದೇ ಕಾಯಿದೆಯಲ್ಲಿ ಅವನು ಟಗರು ಕಳೆದುಕೊಂಡಿದ್ದ. ಬೇರೆಯವರು ಹೇಳಿದ್ದನ್ನು ತನ್ನ ಮಾತೆಂದು ಒಪ್ಪಿಕೊಂಡೇ ಅವನ ಅರ್ಧ ಆಯುಷ್ಯ ಹೋಗಿತ್ತು. ಇದೊಂದನ್ನು ಹೇಗೆ ಒಲ್ಲೆ ಎನ್ನುವುದು?

ಅಷ್ಟರಲ್ಲಿ ಅನುರಾಧಾಳ ಫೋನು.

"ಅಪ್ಪಾ, ಪ್ರಾಕ್ಟಿಕಲ್ ಮುಗೀತು. ಹೆಂಗಾತು? ಹೊಟ್ಯಾಗ ಏನೈತಿ ಅಂದ್ರು?"

ಲಗಮಣ್ಣ ಮಾಳುವಿನ ಕಡೆ ನೋಡಿದ. ಮಾಳು ಲಗಮಣ್ಣನ ಕಡೆ ನೋಡಿದ.

"ಡಾಕ್ಟರ್ ನಿನಗ ಹೇಳಿರಬೇಕಲ್ಲಲೇ?"

"ಏನೋ ಅಂದ್ರಪಾ. ದೇವರ ಮಾತಾಡಿದ ಮ್ಯಾಲ ಡಾಕ್ಟರ್ ಮಾತ ಯಾರ ಕೇಳ್ತಾರು?"

"ಫೈಲ?"

ಮಾಳು ಕಂಕುಳು ತಡವಿಕೊಂಡ. ಭಂಡಾರದ ಗದ್ದಲದಲ್ಲಿ ಫೈಲು, ಗುಳಿಗೆ ಚೀಟಿ ಎಲ್ಲ ಅಲ್ಲೇ ಉಳಿದಿದ್ದವು. ಫೋನಿನಲ್ಲಿ ಅನುರಾಧಾ ಇಬ್ಬರಿಗೂ ಸೇರಿಸಿ ಬೈದಳು. "ಹೊಟ್ಯಾಗ ಏನೈತಿ ಅಂತ ನೋಡಾಕ ಹೋಗಿ, ಅದೊಂದ ಬಿಟ್ಟ ಎಲ್ಲಾ ತಿಳಕೊಂಡ ಬಂದೀರಿ. ನಾಳೆ ನಾನ ಹೋಗಿ ಕೇಳ್ತೇನಿ." ಆಮೇಲೆ ತಡೆದು, "ನಿನ್ನ ದನಿ ಯಾಕ ಹಿಂಗೈತಿ ಅಪ್ಪಾ?" ಎಂದಳು.

"ಗಂಟಲಾ ಮರಗಟ್ಟೇತಿ" ಎಂದು ಇಟ್ಟುಬಿಟ್ಟ. ಗಂಟಲು ಆಗಲೇ ಬಿಟ್ಟಿತ್ತು.

ಬಸ್ಸು ಹತ್ತಿದರು. ಮಾಳು ಅವನನ್ನು ಕಿಟಕಿಯ ಹತ್ತಿರ ಕೂರಿಸಿ ತಾನು ಅಂಚಿಗೆ ಕೂತ. ಊರು ದಾಟಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿದ್ದಾಗ ಲಗಮಣ್ಣ ತನ್ನ ಮೈಯನ್ನೇ ಒಂದೊಂದಾಗಿ ವಿಚಾರಿಸಿದ. ಭುಜ ನೋಯುತ್ತಿರಲಿಲ್ಲ. ತೊಡೆ ನಡುಗುತ್ತಿರಲಿಲ್ಲ. ದೇವರು ಬಂದು ಹೋದ ದಿನ ಮೈಯನ್ನು ಕಣದಲ್ಲಿ ಹಾಕಿ ಬಡಿದಂತಿರುತ್ತಿತ್ತು, ಅನ್ನ ಸೇರುತ್ತಿರಲಿಲ್ಲ, ಎರಡು ದಿನ ಯಾರ ಮುಖ ನೋಡಲೂ ಮನಸ್ಸಾಗುತ್ತಿರಲಿಲ್ಲ. ಇವತ್ತು ಹಾಡು ಬರುವಂತಿತ್ತು. ಹಸಿವೂ ಆಗಿತ್ತು.

"ಮಾಳ್ಯಾ, ಅದು ದೇವರಲ್ಲ."

"ಹೆಂಗ ಹೇಳ್ತಿ?" 'ರೀ' ಬಿದ್ದುಹೋಗಿತ್ತು.

"ದೇವರ ನನ್ನ ಎಂದೂ ಮಲಗಿಸಿಲ್ಲಲೇ. ದುಡಿಸಿ ಬಿಟ್ಟ ಹೋಗತೈತಿ. ಇವತ್ತ ನಾ ಮಲಗಿ ಎದ್ದೀನಿ. ಇಷ್ಟ ವರ್ಷ ಹೊತ್ತಾಂವಗ ಭಾರ ಯಾವುದು, ಹಗೂರ ಯಾವುದು ತಿಳಿಯಂಗಿಲ್ಲೇನು?"

"ನಿನಗ ಬ್ಯಾಡಾದ ಮಾತು ಬಂತು. ಅದಕ್ಕ ದೇವರಲ್ಲ ಅನ್ನಾಕತ್ತಿ. ಟಗರ ಹೋದಾಗ ಅಂದಿದ್ದೇನು?"

ಮಾಳು ಹೇಳಿದ್ದು ನ್ಯಾಯವೇ. ಲಗಮಣ್ಣ ಕಿಟಕಿಯ ಸರಳು ಹಿಡಿದುಕೊಂಡ.

"ಹಂಗಾದ್ರ ದೇವರ್ನ ಬಿಡು. ನನ್ನ ಕೇಳು. ಹುಡುಗಿ ಅಪ್ಪ ನಾ."

ಮಾಳು ಅವನನ್ನು ಗುರುತು ಸಿಗದವನಂತೆ ನೋಡಿದ. "ನಿನ್ನ ಯಾವತ್ತ ಕೇಳಿದ್ರೂ ದೇವರ್ನ ಕೇಳು ಅಂತಿದ್ದಿ."

"ಇವತ್ತ ಅನ್ನಾಕತ್ತಿಲ್ಲ. ಅನುನ್ನ ಅಮೋಲಗ ಕೊಡಂಗಿಲ್ಲ. ಆಕಿಗಿ ಮನಸಿಲ್ಲ. ಆಕಿ ಓದ್ತಾಳು. ಇದು ನನ್ನ ಮಾತು."

ಮುಂದಿನ ಸೀಟಿನ ಹೆಂಗಸು ಹಿಂದೆ ತಿರುಗಿ ಕೂತಳು, ಸರಿಯಾಗಿ ಕೇಳಲೆಂದು. ಮಾಳುವಿನ ಮುಖ ಕೆಂಪಾಯಿತು. ಆಮೇಲೆ ಏನೋ ಹೊಳೆದು ತೊಡೆ ತಟ್ಟಿಕೊಂಡ.

"ಸಿಸ್ಟರ್ ಏನ ಹೇಳ್ಯಾಳ? ನಾಳೆ ಈ ಹೊತ್ತಿನ ತನಕ ನಿನ್ನ ಮಾತಿಗಿ ಲೆಕ್ಕ ಇಲ್ಲ. ಕೊಡೂದು ತಗೊಳ್ಳೂದು ಠರಾವ್ ಮಾಡಂಗಿಲ್ಲ. ನಾ ಸಹಿ ಮಾಡೀನಿ. ನಿನ್ನ 'ಕೊಡಂಗಿಲ್ಲ'ಕ್ಕ ಕವಡಿ ಕಿಮ್ಮತ್ತಿಲ್ಲ!"

"ಹೌದಲ್ಲ" ಎಂದ ಲಗಮಣ್ಣ. "ಹಂಗಾದ್ರ ಮಂಚದ ಮ್ಯಾಲ ಅಂದ 'ಆತು'ಕ್ಕ?"

ಮುಂದಿನ ಸೀಟಿನ ಹೆಂಗಸು, "ಅದಕ್ಕೂ ಇಲ್ಲ ಬಿಡ್ರಿ" ಎಂದಳು.

"ನಿನ್ನ ಯಾರ ಕೇಳ್ಯಾರವಾ?" ಎಂದು ಅವಳ ಮೇಲೆ ಹರಿಹಾಯ್ದು, ಮಾಳು ಲಗಮಣ್ಣನ ಕಡೆ ಬೆರಳು ತೋರಿಸಿದ. "ನಾಳೆ. ನಾಳೆ ಕೇಳ್ತೇನಿ. ಅಕ್ಕನ ಮುಂದ. ಸೂಜಿ ಇಲ್ಲ, ದೇವರ ಇಲ್ಲ. ಅವಾಗ ಅನ್ನು ನೋಡೂಣು."

ಮಾತು ಬಿಟ್ಟ. ಆದರೆ ಸಹಿ ಮಾಡಿದ್ದ. ಬಸ್ಸು ಇಳಿಯುವಾಗ ಮುಖವನ್ನು ಅತ್ತ ತಿರುಗಿಸಿಕೊಂಡೇ ಲಗಮಣ್ಣನ ರಟ್ಟೆ ಹಿಡಿದು ಇಳಿಸಿದ. ಮನೆಯ ಮೆಟ್ಟಿಲಲ್ಲೂ ಹಿಡಿದ. ಬಚ್ಚಲಿಗೆ ಹೋದಾಗ ಬಾಗಿಲ ಹೊರಗೆ ನಿಂತು, "ಬಿದ್ದಿಲ್ಲ ಹೌದಲ್ಲ?" ಎಂದು ಸಿಟ್ಟಿನಲ್ಲೇ ಕೇಳಿದ.

ಮರುದಿನ ಬೆಳಿಗ್ಗೆ ಮಾಳು ಎದ್ದವನೇ ಪಡಸಾಲೆಯಲ್ಲಿ ಫೋನಿನ ಗಡಿಯಾರ ಮುಂದಿಟ್ಟುಕೊಂಡು ಕೂತ. ಸತ್ಯವ್ವ ಉಪ್ಪಿಟ್ಟು ಕೊಟ್ಟಳು, ತಿಂದ. ಚಹಾ ಕೊಟ್ಟಳು, ಕುಡಿದ. ಇವರಿಬ್ಬರಿಗೆ ಏನಾಗಿದೆ ಎಂದು ಅವಳು ಕೇಳಿದರೆ ಮಾಳು ಗಡಿಯಾರ ತೋರಿಸಿದ. ಲಗಮಣ್ಣ ಕುರಿ ಬಿಡಲು ಹೋಗಲಿಲ್ಲ. ಎರಡು ಸಲ ಎದ್ದು ಗುಡಿಯ ದಾರಿಯವರೆಗೆ ನಡೆದು, ಎರಡೂ ಸಲ ಹೊರಳಿ ಬಂದ. ಬಿಸಿಲು ಅಂಗಳದ ತುಂಬ ಬಂದ ಮೇಲೆ ಮಾಳು ಎದ್ದು ನಿಂತ.

"ಹೊತ್ತಾತು. ಅಕ್ಕಾ, ಬಾ ಹೊರಗ. ಮಾವಾ, ಈಗ ಕೇಳಾಕತ್ತೇನಿ. ಅನುನ್ನ ಅಮೋಲಗ ಕೊಡ್ತೀಯೋ ಇಲ್ಲೋ?"

ಸತ್ಯವ್ವ ಗಂಡನ ಕಡೆ ತಿರುಗಿದಳು. ಅವನು ಕಂಬಳಿಗೆ ಕೈ ಹಾಕುತ್ತಾನೆ, 'ದೇವರ್ನ ಕೇಳೂಣು' ಎನ್ನುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಲಗಮಣ್ಣನ ಕೈ ಕಂಬಳಿಯ ಕಡೆ ಹೋಯಿತು ಕೂಡ. ಹೋಗಿ, ಅದನ್ನು ಮಡಚಿ ಬದಿಗಿಟ್ಟಿತು.

"ಇಲ್ಲ" ಎಂದ. ಇನ್ನೊಮ್ಮೆ, ಬಿಡಿಸಿ ಹೇಳಿದ. "ಕೊಡಂಗಿಲ್ಲೋ ಮಾಳ್ಯಾ."

ಸತ್ಯವ್ವ ಕೈಯಲ್ಲಿದ್ದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು. ತಮ್ಮನ ಪರ ಎರಡು ಮಾತು ಅವಳ ಬಾಯ ತನಕ ಬಂದಿದ್ದವು. ಆದರೆ ಗಂಡ ತಾನಾಗಿ ಒಂದು ಮಾತು ಆಡಿದ್ದನ್ನು ನೋಡಿದ ಬೆರಗಿನಲ್ಲಿ ಅವು ಎಲ್ಲಿಗೋ ಹೋದವು.

ಮಾಳು ಚಪ್ಪಲಿ ಮೆಟ್ಟಿದ. "ನನ್ನ ಬೈಕ ಜಮಖಂಡ್ಯಾಗ ಬಿದ್ದೈತಿ. ಹೋಗ್ತೇನಿ." ಬರುತ್ತೇನೆ ಎನ್ನಲಿಲ್ಲ. ಅಂಗಳ ದಾಟಿದ, ಕುರಿಯ ದೊಡ್ಡಿ ದಾಟಿದ. ಅಲ್ಲಿ ನಿಂತು, ತಿರುಗಿ ನೋಡದೆ ಒದರಿದ:

"ಹುಣ್ಣೈತಂತ! ಸಣ್ಣದು. ಮೊಣಕಾಲಿಗಿ ಖಾಲಿ ಹೊಟ್ಟಿಲೆ ಗುಳಿಗಿ ನುಂಗತಿಯಲ್ಲ, ಅದರಿಂದ. ಅದನ್ನ ಬಿಟ್ಟ ಬರದ ಕೊಟ್ಟ ಗುಳಿಗಿ ತಗೊಂಡ್ರ ಹೋಗತೈತಂದ್ರು. ಬ್ಯಾರೆ ಏನೂ ಇಲ್ಲ."

ಲಗಮಣ್ಣ ಎದ್ದು ನಿಂತುಬಿಟ್ಟ. "ಲೇ ಭಾಡ್ಯಾ, ನಿನ್ನೆ ಯಾಕ ಹೇಳಲಿಲ್ಲ?"

"ನಿನ್ನೆ ನೆನಪಿರಲಿಲ್ಲ" ಎಂದು ಮಾಳು ಬಸ್ಸಿನ ದಾರಿ ಹಿಡಿದ.